ಚಾರ್ಜರ್ ಕೇಳೂಕಿಂತ ಮೊದ್ಲ ಬ್ಯಾಟರಿ ಯಾವ್ದು ಅಂತ ಕೇಳ್ರಿ

ಇವತ್ತ ಮಧ್ಯಾಹ್ನದಿಂದ ತೆಲಿ ಕೆಟ್ಟದ, ಬರೀಲಿಲ್ಲಂದ್ರ ನಿದ್ದಿ ಹತ್ತಂಗಿಲ್ಲ. ರಿಂಗ್ ರೋಡ್ ಕಡಿ ಒಂದು ಬ್ಯಾಟರಿ ಅಂಗಡಿಗಿ ಡಿಸ್ಟಿಲ್ ವಾಟರ್ ಕ್ಯಾನ್ ತರ್ಲಾಕ ಹೋಗಿದ್ದೆ. ಅಲ್ಲಿ ಜೇವರ್ಗಿ ಕಡಿಂದ ಒಬ್ಬ ಕಾಕಾ ಬಂದು ಕುಂತಿದ್ರು. ಧೋತ್ರ, ತೆಲಿಗಿ ರುಂಬಾಲ, ಟ್ರ್ಯಾಕ್ಟರ್ ಬ್ಯಾಟರಿ ಗೊಬ್ಬರದ ಚೀಲದಾಗ ಸುತ್ಕೊಂಡು ಟಂಟಂದಾಗ ತಂದಿದ್ರು. ಮುಂಗಾರಿ ಬಿತ್ತನಿ ಮುಗಿದ ಮ್ಯಾಲ ಎರಡು ತಿಂಗಳು ಟ್ರ್ಯಾಕ್ಟರ್ ನಿಂತಲ್ಲೇ ನಿಂತದ, ಈಗ ಸೆಲ್ಫ್ ಹೊಡಿಯಂಗಿಲ್ಲ. ಅಂಗಡ್ಯಾಗಿನ ಹುಡುಗ, ನನ್ನ ಪಿಯುಸಿ ಹುಡುಗರ ವಯಸ್ಸೇ ಇರ್ಬೇಕು, ಒಂದು ಮಾತ ಕೇಳ್ಲಿಲ್ಲ, ಕೆಂಪು ಕ್ಲಿಪ್ ಕರಿ ಕ್ಲಿಪ್ ಹಚ್ಚಿ ಆ ಹಳೇ ಕಬ್ಬಿಣದ ಡಬ್ಬಿ ಚಾರ್ಜರಿನ ನಾಬ್ ಪೂರಾ ಬಲಕ್ಕ ತಿರುವಿ ಚಾ ಕುಡಿಲಾಕ ಹೋದ.

ಯಾವ ಬ್ಯಾಟರಿ, ಎಷ್ಟು ಎಎಚ್ (ಆಂಪಿಯರ್ ಅವರ್, ಅಂದ್ರ ಬ್ಯಾಟರಿ ಎಷ್ಟು ಹಿಡೀತದ ಅನ್ನೋ ಲೆಕ್ಕ), ಎಷ್ಟು ದಿನ ನಿಂತದ, ಒಳಗ ನೀರ್ ಅದನೋ ಇಲ್ಲೋ, ಏನೂ ಕೇಳ್ಲಿಲ್ಲ.

ನಾ ಸುಮ್ನ ನಿಂತು ನೋಡಿದೆ, ಮುಳ್ಳು 25 ಆಂಪಿಯರ್ ಮ್ಯಾಲ ಕುಂತಿತ್ತು. ಸ್ವಲ್ಪ ಹೊತ್ತಿನ್ಯಾಗ ಮುಚ್ಚಳದ ತೂತಿನಿಂದ ಬುಳುಬುಳು ಅಂತ ನೊರಿ ಬರ್ಲಾಕತ್ತು, ಗಂಟಲ ಹಿಡಿಯೋ ಆ ಹುಳಿ ವಾಸನಿ, ಬ್ಯಾಟರಿ ಮಗ್ಗಲಿಗಿ ಕೈ ಇಟ್ರ ರೊಟ್ಟಿ ಹಂಚಿನ ಬಾಜೂಕ ಕೈ ಒಯ್ದಂಗ ಝಳ. ಹುಡುಗ ಬಂದು ನೋಡಿ, "ಕಾಕಾ, ಸೆಲ್ ಹೋಗ್ಯಾದ, ಹೊಸಾದು ತಗೋರಿ" ಅಂದ. ಕಾಕಾ ಪಾಪ ಧೋತ್ರದ ಗಂಟು ಬಿಚ್ಚಿ ರೊಕ್ಕ ಎಣಸ್ಲಾಕ ಚಾಲೂ ಮಾಡಿದ್ರು. ನನಗ ತಡಕೊಳ್ಳಾಕ ಆಗ್ಲಿಲ್ಲ, ಹೋಗಿ ಗ್ವಾಡಿ ಮ್ಯಾಲಿನ ಸ್ವಿಚ್ ಬಂದ್ ಮಾಡಿ, ಆಮ್ಯಾಲ ಕ್ಲಿಪ್ ತೆಗ್ದೆ. ಮೊದ್ಲ ಕ್ಲಿಪ್ ಕಿತ್ರ ಕಿಡಿ ಹಾರ್ತದ, ಕುದಿಯೋ ಬ್ಯಾಟರಿ ಮ್ಯಾಲ ಹೈಡ್ರೋಜನ್ ನಿಂತಿರ್ತದ, ಗಾಳಿಯೊಳಗ ನೂರಕ್ಕ 4 ಭಾಗ ಆದ್ರ ಸಾಕು ಸಿಡಿಲಾಕ. ಮುಚ್ಚಳ ತೆಗ್ದು ಟಾರ್ಚ್ ಹಿಡಿದ್ರ ಎರಡು ಸೆಲ್ಲಿನ್ಯಾಗ ಪ್ಲೇಟ್ ತೆಲಿ ಬರೇ ಕಾಣ್ಲಾಕತ್ತಾವ! ನೀರೇ ಇಲ್ಲದ ಬ್ಯಾಟರಿಗಿ 25 ಆಂಪಿಯರ್ ಕೊಟ್ರ ಸೆಲ್ ಹೋಗದ ಏನ್ ಮಾಡ್ತದ?

ಅದ್ರಕಿಂತ ಸಿಟ್ಟು ಬಂದದ್ದು ಮುಂದಿನ ಮಾತಿಗಿ. ಕಾಕಾ ನನ್ನ ಕಡಿ ತಿರುಗಿ, "ಮಾಸ್ತರ, ಸ್ಮಾರ್ಟ್ ಚಾರ್ಜರ್ ಅಂತ ಬಂದಾವಂತಲ್ರಿ, ಒಂದು ತಗೊಂಡ್ ಹೋಗಿ ಮನ್ಯಾಗೇ ಇಟ್ಕೋತೀನಿ, ಯಾವ್ದು ಚೊಲೋ?" ಅಂದ್ರು. ಎಷ್ಟು ಶಾಣ್ಯಾತನದ ಪ್ರಶ್ನಿ ನೋಡ್ರಿ. ಅಂಗಡಿಯವ್ರು ಹಿಂದಿನ ಕಪಾಟಿನಿಂದ ಮೂರು ಡಬ್ಬಿ ಇಳಿಸಿದ್ರು, ಮೂರರ ಮ್ಯಾಲೂ ಸ್ಮಾರ್ಟ್ ಅಂತ ದೊಡ್ಡಕ್ಷರದಾಗ ಅದ. "ಆಂಪಿಯರ್ ಹೆಚ್ಚಿಂದು ತಗೋರಿ, ಲಗೂ ಆಗ್ತದ" ಅಂದ್ರು. ಮತ್ತ ಅದೇ! ಯಾವ ಬ್ಯಾಟರಿಗಿ ಅಂತ ಕೇಳ್ಲೇ ಇಲ್ಲ. ಒಂದು ಡಬ್ಬಿ ಮ್ಯಾಲಂತೂ ಎಷ್ಟು ವೋಲ್ಟಿಗಿ ನಿಲ್ತದ ಅಂತಾನೂ ಬರ್ದಿಲ್ಲ, ಬರೇ ಲೈಟಿನ ಚಿತ್ರ ಅದ.

ಖರೇ ಸ್ಮಾರ್ಟ್ ಅಂದ್ರ ಏನು? ಕೊಡಕ್ಕ ನೀರ್ ತುಂಬುವಾಗ ಮೊದ್ಲ ನಳ ಜೋರ್ ಬಿಟ್ಟು ಕಂಠಕ್ಕ ಬಂದಾಗ ಸಣ್ಣ ಮಾಡ್ತೀವಲ್ಲ, ಅದು. 12 ವೋಲ್ಟಿನ ಸಾದಾ ಬ್ಯಾಟರಿ, ಅಂದ್ರ ಸೀಸದ ಪ್ಲೇಟ್ ಆಸಿಡಿನ್ಯಾಗ ಮುಳುಗಿದ್ದು, ಅದರಾಗ 6 ಸೆಲ್. ಮೊದ್ಲ ತನ್ನ ಪೂರಾ ಆಂಪಿಯರ್ ಕೊಟ್ಟು ಸುಮಾರು 14.4 ವೋಲ್ಟ್ ತನ ಒಯ್ಬೇಕು, ಅಲ್ಲಿ ವೋಲ್ಟ್ ಹಿಡ್ಕೊಂಡು ಆಂಪಿಯರ್ ತಾನಾಗೇ ಇಳಿಲಾಕ ಬಿಡ್ಬೇಕು, ತುಂಬಿದ ಮ್ಯಾಲ 13.5ರ ಆಜುಬಾಜು ಇಳಿದು ಸುಮ್ನ ಕಾಯ್ಬೇಕು, ಅದಕ್ಕ ಫ್ಲೋಟ್ ಅಂತಾರ. ತಿಂಗಳಗಟ್ಲೆ ನಿಲ್ಲೋ ಗಾಡಿಗಿ ಜೀವ ಉಳಿಸೋದು ಈ ಕಡಿ ಹಂತ. ಸುಮ್ನ ನಿಂತ್ರೂ ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಇಳೀತದ, ಇಳಿದ ಬ್ಯಾಟರಿ ಹಂಗೇ ಬಿಟ್ರ ಪ್ಲೇಟಿನ ಮ್ಯಾಲ ಸಲ್ಫೇಟ್ ಗಟ್ಟಿ ಹರಳಾಗಿ ಕೂಡ್ತದ, ಆಮ್ಯಾಲ ಎಷ್ಟು ಚಾರ್ಜ್ ಹಚ್ಚಿದ್ರೂ ಪೂರಾ ತುಂಬಂಗಿಲ್ಲ. ಚಾರ್ಜರ್ ತೆಗ್ದು ಒಂದು ರಾತ್ರಿ ಬಿಟ್ಟು ಮೀಟರ್ ಹಿಡಿರಿ, 12.6 ಮ್ಯಾಲ ಬಂತಂದ್ರ ತುಂಬ್ಯಾದ, 12.2 ಅಂದ್ರ ಅರ್ಧಾ, 12ರ ಕೆಳಗ ಬಂದ್ರ ಉಪಾಸ.

ಆದ್ರ ಈ 14.4 ಅನ್ನೋದು ಎಲ್ಲಾ ಬ್ಯಾಟರಿಗಿ ಒಂದೇ ಅಲ್ಲ, ಇದೇ ನನ್ನ ಜಗಳ. ನೀರ್ ಹಾಕೋ ಬ್ಯಾಟರಿ ಕುದ್ರ ನೀರ್ ಹಾಕ್ಬಹುದು. ಈಗಿನ ಕೆಲವು ಕಾರಿನ್ಯಾಗ ಸಿಗ್ನಲ್‌ದಾಗ ತಾನೇ ಬಂದ್ ಆಗಿ ತಾನೇ ಚಾಲೂ ಆಗ್ತಾವಲ್ಲ, ಅವಕ್ಕ ಇಎಫ್‌ಬಿ (ಸಾದಾ ಬ್ಯಾಟರೀನೇ ಇನ್ನಾ ಗಟ್ಟಿ ಮಾಡಿದ್ದು) ಇಲ್ಲಾ ಎಜಿಎಂ ಇರ್ತದ. ಎಜಿಎಂ ಒಳಗ ಆಸಿಡ್ ಗಾಜಿನ ಬಟ್ಟಿಯೊಳಗ ಹೀರ್ಕೊಂಡಿರ್ತದ, ಬಾಯಿ ಇರಂಗಿಲ್ಲ. ಹೆಚ್ಚಿಗಿ ಕುದಿಸಿದ್ರ ವಾಲ್ವ್‌ನಿಂದ ಹೋದ ನೀರು ಹೋಯ್ತು, ವಾಪಸ್ ಹಾಕ್ಲಾಕ ದಾರಿನೇ ಇಲ್ಲ. ಜೆಲ್ ಇದ್ರ ಇನ್ನಾ ಕಮ್ಮಿ ವೋಲ್ಟ್ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಅಂದ್ರ ಬಿಲ್ಕುಲ್ ಬ್ಯಾರೇ ಜಾತಿ, 3.2 ವೋಲ್ಟಿನ ನಾಲ್ಕು ಸೆಲ್, ಅದಕ್ಕ ಸಲ್ಫೇಟೇ ಇಲ್ಲ, ಸಲ್ಫೇಟ್ ಬಿಡಿಸೋ ಪಲ್ಸ್ ಕೊಟ್ರ ನುಕ್ಸಾನ್. ಅದಕ್ಕೇ ಚಾರ್ಜರ್ ಮ್ಯಾಲ ಬ್ಯಾಟರಿ ಜಾತಿ ಆರಿಸ್ಲಾಕ ಬಟನ್ ಇರ್ಬೇಕು, ಪ್ರತಿಯೊಂದಕ್ಕ ಎಷ್ಟು ವೋಲ್ಟ್ ಅಂತ ಬರ್ದಿರ್ಬೇಕು. ಬರ್ದಿಲ್ಲಂದ್ರ ಅದರ ಮ್ಯಾಲ ಸ್ಮಾರ್ಟ್ ಅಂತ ಹತ್ತು ಸಲ ಇದ್ರೂ ನಾ ಕೊಳ್ಳಂಗಿಲ್ಲ.

ಆಂಪಿಯರಿನ ಲೆಕ್ಕ ಸೀದಾ ಅದ. ಸಾದಾ ಬ್ಯಾಟರಿಗಿ ಎಎಚ್‌ನ ಹತ್ತನೇ ಒಂದು ಭಾಗ. ಕಾಕಾನ ಟ್ರ್ಯಾಕ್ಟರ್ ಬ್ಯಾಟರಿ 88 ಎಎಚ್, 8 ಆಂಪಿಯರ್ ಸಾಕು. ಸಣ್ಣ ಕಾರಿನ 35 ಎಎಚ್‌ಕ್ಕ 3-4 ಆಂಪಿಯರ್. ಬೈಕಿನ 5 ಎಎಚ್ ಬ್ಯಾಟರಿಗಿ ಅರ್ಧಾ ಆಂಪಿಯರ್, ಅದಕ್ಕ 10 ಆಂಪಿಯರ್ ಚಾರ್ಜರ್ ಹಚ್ಚಿದ್ರ ಕೊಂದಂಗೇ. ರಾತ್ರಿ ಪೂರಾ ಬೇಕಾಗ್ತದ, ಆಗ್ಲಿ, ರಾತ್ರಿ ಟ್ರ್ಯಾಕ್ಟರ್ ಏನ್ ಮಾಡ್ತದ?

ನಮ್ಮ ಕಲಬುರಗಿಯವ್ರು ಇನ್ನೆರಡು ನೋಡ್ಲೇಬೇಕು, ಬ್ಯಾರೆ ಕಡಿಯವ್ರು ಬಿಟ್ರೂ ನಾವು ಬಿಡಂಗಿಲ್ಲ. ಒಂದು ಬಿಸಿಲು. ಡಬ್ಬಿ ಮ್ಯಾಲಿನ ವೋಲ್ಟ್ 25 ಡಿಗ್ರಿಗಿ ಬರ್ದದ್ದು. ನಮ್ಮ ಏಪ್ರಿಲ್ ಮೇ ತಿಂಗಳದಾಗ ತಗಡಿನ ಶೆಡ್ಡಿನ ಒಳಗ 45 ಡಿಗ್ರಿ ಇದ್ರ, ಡಿಗ್ರಿಗಿ ಸುಮಾರು 20 ಮಿಲಿವೋಲ್ಟಿನಂಗ 0.4 ವೋಲ್ಟ್ ಇಳಿಸ್ಬೇಕು, 14.4 ಇದ್ದದ್ದು 14ಕ್ಕ ಬರ್ಬೇಕು. ಚಾರ್ಜರಿಗಿ ಟೆಂಪರೇಚರ್ ಸೆನ್ಸರ್ ಇದ್ರ ಅದೇ ಮಾಡ್ತದ, ಇಲ್ಲಂದ್ರ ಬ್ಯಾಸಗಿ ಹಂಗಾಮಿನ್ಯಾಗ ದಿನಾ ಸ್ವಲ್ಪ ಸ್ವಲ್ಪ ನಿಮ್ಮ ಬ್ಯಾಟರಿ ಕುದೀತದ. ಎರಡನೇದು ಕರೆಂಟ್. ಹಳ್ಳ್ಯಾಗ ರಾತ್ರಿ ಮೂರು ಸಲ ಹೋಗಿ ಬರ್ತದ. ಕೆಲವು ಚಾರ್ಜರ್ ಕರೆಂಟ್ ವಾಪಸ್ ಬಂದಾಗ ಬಟನ್ ಒತ್ತೂತನಕ ಸುಮ್ನ ಕೂಡ್ತಾವ, ನೀವು ಮುಂಜಾನಿ ಎದ್ದು ನೋಡಿದ್ರ ಬ್ಯಾಟರಿ ಎಲ್ಲಿತ್ತೋ ಅಲ್ಲೇ. ಎಲ್ಲಿ ಬಿಟ್ಟಿತ್ತು ಅಂತ ನೆನಪಿಟ್ಟು ತಾನೇ ಚಾಲೂ ಆಗೋದು ಬೇಕು. ಅಂಗಡ್ಯಾಗೇ ಪ್ಲಗ್ ಕಿತ್ತು ಮತ್ತ ಹಾಕಿ ನೋಡ್ರಿ, ಎರಡು ನಿಮಿಷದ ಕೆಲಸ.

ಬೋಟ್ ಇದ್ದವ್ರಿಗಿ ಇದು ಇನ್ನಾ ದೊಡ್ಡ ಮಾತು. ನಮ್ಮ ಮಾಮಾನ ಮಗ ನಾರಾಯಣಪುರ ಡ್ಯಾಮಿನ ಹಿನ್ನೀರಿನ್ಯಾಗ ಮೋಟರ್ ಬೋಟ್ ಇಟ್ಟಾನ, ಎರಡು ಬ್ಯಾಟರಿ ಅವ. ಒಂದು ಎಂಜಿನ್ ಚಾಲೂ ಮಾಡ್ಲಾಕ, ತೆಳು ಪ್ಲೇಟಿಂದು, ಒಮ್ಮೆಲೇ ಜೋರ್ ಕೊಡ್ತದ. ಇನ್ನೊಂದು ಲೈಟಿಗಿ, ದಪ್ಪ ಪ್ಲೇಟಿನ ಡೀಪ್ ಸೈಕಲ್, ತಾಸುಗಟ್ಲೆ ನಿಧಾನಕ್ಕ ಕೊಡ್ತದ. ಅಂವ ಎರಡೂ ಒಂದೇ ವೈರಿಗಿ ಕೂಡ್ಸಿ ಒಂದೇ ಚಾರ್ಜರ್ ಹಚ್ತಿದ್ದ, ಒಂದು ಉಪಾಸ, ಒಂದು ಅಜೀರ್ಣ. ಬೋಟಿಗಿ ಎರಡು ಬಾಯಿ ಬ್ಯಾರೆ ಬ್ಯಾರೆ ಇರೋ ಚಾರ್ಜರ್ ಬರ್ತಾವ, ನೀರ್ ಹೋಗ್ಲಾರದಂಗ ಸೀಲ್ ಮಾಡಿದ್ದು, ಐಪಿ67 ಅಂತ ಬರ್ದಿರ್ತದ, ಕ್ಲಿಪ್ ಬದ್ಲಿ ಬೋಲ್ಟ್ ಹಾಕಿ ಬಿಗಿಯೋ ಕಡಿ ಇರ್ತದ. ತೆರಿ ಹೊಡ್ತಕ್ಕ ಕ್ಲಿಪ್ ಜಾರಿ ಕಿಡಿ ಹಾರಿದ್ರ ನೀರಿನ ನಡುವ ಎಲ್ಲಿಗಿ ಓಡ್ತೀರಿ? ಅವನಿಗಿ ಕೂಡ ಕೊಟ್ಟವ್ರು ಬ್ಯಾಟರಿ ಯಾವ್ದು ಅಂತ ಕೇಳಿರ್ಲಿಲ್ಲ.

ಈಗ ಕೆಲವ್ರು ಅಂತೀರಿ, ನಮ್ಮ ಮುತ್ಯಾನ ಕಾಲದಿಂದ ಅದೇ ಹಳೇ ಚಾರ್ಜರ್ ನಡ್ದದ, ಗಾಡಿ ಓಡಿದ್ರ ಆಲ್ಟರ್ನೇಟರ್ ತಾನೇ ತುಂಬ್ತದ, ಸಾವಿರಗಟ್ಲೆ ಕೊಟ್ಟು ಚಾರ್ಜರ್ ಯಾಕ ಅಂತ. ಹಳೇ ಕಾಲದ ಮಿಸ್ತ್ರಿ ಬಾಜೂಕೇ ಕುಂತು ತಾಸಿಗೊಮ್ಮೆ ಗ್ರಾವಿಟಿ, ಅಂದ್ರ ನೀರು 1000 ಅಂದ್ರ ಆಸಿಡ್ ಎಷ್ಟು ಭಾರ ಅಂತ, ನೋಡ್ತಿದ್ದ, 1240 1250 ಬಂದ ಕೂಡ್ಲೇ ತೆಗೀತಿದ್ದ, ಆ ಮಿಸ್ತ್ರೀನೇ ಸ್ಮಾರ್ಟ್ ಇದ್ದ, ಚಾರ್ಜರ್ ಅಲ್ಲ. ಈಗ ಕುಂದ್ರೋರು ಯಾರು? ಇನ್ನ ಆಲ್ಟರ್ನೇಟರ್, ಮನಿಯಿಂದ ಹೊಲಕ್ಕ ಹತ್ತು ನಿಮಿಷ ಓಡಿಸಿದ್ರ ಸೆಲ್ಫ್ ತಿಂದದ್ದು ವಾಪಸ್ ಬಂದೀತು, ಖಾಲಿ ಆದ ಬ್ಯಾಟರಿ ತುಂಬಂಗಿಲ್ಲ. ಕಡಿ ಕಾಲು ಭಾಗ ತುಂಬ್ಲಾಕೇ ತಾಸುಗಟ್ಲೆ ಬೇಕು.

ನಾ ಇಷ್ಟ್ಯಾಕ ಒದರ್ಲಾಕತ್ತೀನಿ ಅಂದ್ರ, ಒಂದು ಮಾತು ಐದಾರು ವರ್ಷದಿಂದ ಎದಿಯೊಳಗ ಇಟ್ಕೊಂಡೀನಿ. 2020ರ ಲಾಕ್‌ಡೌನಿನ್ಯಾಗ ನಾ ಊರಾಗೇ ಇದ್ದೆ, ನಿಮಗ ಗೊತ್ತೇ ಅದ. ನಿಂತ ಟ್ರ್ಯಾಕ್ಟರಿಗಿ ಚಾರ್ಜ್ ಹಚ್ತೀನಿ ಅಂತ ಹೇಳಿ ಅಂಥದ್ದೇ ಒಂದು ಡಬ್ಬಿ ಚಾರ್ಜರ್ ತಂದು ಎರಡು ರಾತ್ರಿ ಹಂಗೇ ಬಿಟ್ಟಿದ್ದೆ. ಫಿಜಿಕ್ಸ್ ಕಲ್ಸಾಂವ ನಾನೂ ಮುಚ್ಚಳ ತೆಗ್ದು ನೋಡ್ಲಿಲ್ಲ. ಮೀಟರ್ ಹಿಡಿದ್ರ ವೋಲ್ಟ್ ಚೊಲೋ ತೋರಿಸ್ತಿತ್ತು, ಒಳಗ ಪ್ಲೇಟ್ ಉದುರಿದ್ದವು. ಅಕ್ಟೋಬರದಾಗ ಭೀಮಾ ಬಂದಳು. ಮ್ಯಾಲ ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರ್ ಬಿಟ್ಟಾರ ಅಂತ ಸುದ್ದಿ, ರಾತ್ರಿ ನೀರು ಅಂಗಳಕ್ಕ ಬಂತು, ಟ್ರ್ಯಾಲಿಯೊಳಗ ಜ್ವಾಳದ ಚೀಲ, ಹಾಸಿಗಿ, ಅವ್ವ, ಸಣ್ಣ ಹುಡುಗ್ರು. ಅಪ್ಪ ಕೀಲಿ ತಿರುವಿದ್ರ ಟಕ್ ಟಕ್ ಅಂತದ, ಸೆಲ್ಫ್ ಹೊಡಿಯಂಗಿಲ್ಲ. ಮಳಕಾಲ ಮಟ ನೀರಿನ್ಯಾಗ ನಿಂತು ಬಾಜೂ ಮನಿಯವ್ರನ್ನ ಕೂಗಿ, ಅವ್ರ ಟ್ರ್ಯಾಕ್ಟರಿಗಿ ಹಗ್ಗ ಕಟ್ಟಿ ಎಳಿಸಿ ಚಾಲೂ ಮಾಡ್ಕೊಂಡು ಏರಿದ್ವಿ. ಎಮ್ಮಿ ಕರಾ ಒಂದು ಬಿಟ್ಟು ಬಂದ್ವಿ. ಅಪ್ಪ ಬ್ಯಾಟರಿ ಕೊಟ್ಟವ್ನ ಜೋಡಿ ಜಗಳ ಆಡಿ ಬಂದ, ಇವತ್ತಿಗೂ ಅವನ ಕೂಡ ಮಾತಿಲ್ಲ. ತಪ್ಪು ಅವಂದಲ್ಲಪ್ಪ, ನಂದು. ಎದುರು ನಿಂತು ಹೇಳ್ಲಾಕ ಆಗ್ಲಿಲ್ಲ, ಇಲ್ಲಿ ಬರ್ದೀನಿ, ತಮ್ಮ ಓದಿ ಹೇಳ್ತಾನ.

ಅದಕ್ಕೇ ಇವತ್ತ ಕಾಕಾನ ರೊಕ್ಕ ವಾಪಸ್ ಧೋತ್ರದಾಗ ಕಟ್ಟಿಸಿ, ಬ್ಯಾಟರಿ ನನ್ನ ಗಾಡಿ ಮ್ಯಾಲ ಇಟ್ಕೊಂಡು ಮನಿಗಿ ಕರ್ಕೊಂಡು ಬಂದೆ. ತಣ್ಣಗಾದ ಮ್ಯಾಲ ಪ್ಲೇಟ್ ಮುಳುಗೂ ಅಷ್ಟೇ ಡಿಸ್ಟಿಲ್ ವಾಟರ್ ಹಾಕಿ, ಸಂಜಿ ಏಳಕ್ಕ ಪಡಸಾಲಿ ಕಿಡಕಿ ತೆಗ್ದಿಟ್ಟು ನನ್ನ ಚಾರ್ಜರ್ 8 ಆಂಪಿಯರಿಗಿ ಹಚ್ಚೀನಿ. ಮೊದ್ಲ ಕೆಂಪು ಕ್ಲಿಪ್, ಆಮ್ಯಾಲ ಕರಿದು, ಕಡಿಗಿ ಪ್ಲಗ್, ಕಾಕಾನ ಕೈಯಿಂದೇ ಹಚ್ಚಿಸ್ದೆ. ಒಂಬತ್ತೂವರಿಗಿ ಕರೆಂಟ್ ಹೋಯ್ತು, ಹತ್ತು ನಿಮಿಷಕ್ಕ ಬಂತು, ಚಾರ್ಜರ್ ತಾನೇ ಚಾಲೂ ಆಯ್ತು. ಕಾಕಾ ಅದು ನೋಡಿ ಎದ್ದು ಕುಂತು "ಇದು ನಮ್ಮಂಥವ್ರಿಗಿ ಬೇಕು ನೋಡ್ರಿ" ಅಂದ್ರು. ಈಗ ರೊಟ್ಟಿ ಪುಂಡಿ ಪಲ್ಯಾ ಉಂಡು ಮಕ್ಕೊಂಡಾರ. ಹಳದಿ ಲೈಟ್ ಇನ್ನಾ ಉರೀಲಾಕತ್ತದ, ಹಸ್ರು ಬಂದಿಲ್ಲ. ಆರಕ್ಕ ಆರೂ ಸೆಲ್ಲಿನ ಗ್ರಾವಿಟಿ ಮುಂಜಾನಿ ನೋಡಿ ಇಲ್ಲೇ ಕೆಳಗ ಹಾಕ್ತೀನಿ.