ಒಂದೇ ಸೂತ್ರ ಹಿಡಿದು ಕೂತ ಮ್ಯಾನೇಜರ್

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಭಿಮಾನಿಗಳ ಹೊಟ್ಟೆ ಉರಿ ಇನ್ನೂ ಆರಿಲ್ಲ. ನನ್ನದೂ ಅಷ್ಟೇ. ಸೋತಿದ್ದಕ್ಕಿಂತ ಜಾಸ್ತಿ ಸಿಟ್ಟು ಬರೋದು ಹಿಂದಿನ ಮ್ಯಾನೇಜರ್ ರೂಬೆನ್ ಅಮೋರಿಮ್ ಅವರ ಹಟಕ್ಕೆ.

2024ರ ನವೆಂಬರ್‌ನಲ್ಲಿ, ಸೀಸನ್ ಮಧ್ಯದಲ್ಲಿ ಬಂದರು. ತಂಡದಲ್ಲಿ ಯಾರಿದ್ದಾರೆ ಅಂತ ನೋಡಿ ಆಟ ಕಟ್ಟಬೇಕು, ಅಲ್ವಾ? ಇವರು 3-4-3 (ಹಿಂದೆ ಮೂವರು, ಮಧ್ಯೆ ನಾಲ್ವರು, ಮುಂದೆ ಮೂವರು) ಹಿಡಿದು ಬಂದರು, ಅದನ್ನೇ ಹಿಡಿದು ಕೂತರು. ಅಂಚಿನಿಂದ ದಾಳಿ ಮಾಡಬೇಕಾದ ವಿಂಗರ್‌ಗಳು ಡಿಫೆಂಡರ್‌ಗಳ ಕೆಲಸ ಮಾಡಿದರು. ತಂಡದ ಜೀವಾಳ ಬ್ರೂನೋ ಫರ್ನಾಂಡಿಸ್ ಗೋಲಿನಿಂದ ದೂರ, ಹಿಂದೆ ನಿಂತು ಆಡಬೇಕಾಯಿತು. ಮಧ್ಯದ ನಾಲ್ವರಲ್ಲಿ ಇಬ್ಬರು ಅಂಚಿನಲ್ಲಿ, ಹಾಗಾಗಿ ಮಿಡ್‌ಫೀಲ್ಡ್ ನಡುವೆ ಇಬ್ಬರೇ. ಎದುರಾಳಿಗಳು ಅಲ್ಲಿ ಮೂವರನ್ನು ಇಟ್ಟು ಆರಾಮಾಗಿ ನುಗ್ಗಿದರು. ಇದು ಟಿವಿ ಮುಂದೆ ಕೂತ ನಮಗೇ ಕಾಣುತ್ತಿತ್ತು!

ಆ ಸೀಸನ್ ಮುಗಿದಾಗ ಪ್ರೀಮಿಯರ್ ಲೀಗ್‌ನಲ್ಲಿ 15ನೇ ಸ್ಥಾನ, 42 ಅಂಕ, 18 ಸೋಲು. ಬಿಲ್ಬಾವೊದಲ್ಲಿ ಯೂರೋಪಾ ಲೀಗ್ ಫೈನಲ್ ಕೂಡ ಹೋಯಿತು, ಅದೂ ಲೀಗ್‌ನಲ್ಲಿ 17ನೇ ಸ್ಥಾನದಲ್ಲಿದ್ದ ಟಾಟನ್‌ಹ್ಯಾಮ್ ಎದುರು. 2025ರ ಆಗಸ್ಟ್‌ನಲ್ಲಿ ಲೀಗ್ ಕಪ್‌ನಲ್ಲಿ ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ತಂಡ ನಮ್ಮನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಳಿಸಿತು. ಆಮೇಲೂ ಅದೇ ಸೂತ್ರ.

ನನಗೆ ತೀರಾ ನೋವಾಗಿದ್ದು ಕೋಬಿ ಮೇನೂ ವಿಷಯದಲ್ಲಿ. ಕ್ಲಬ್‌ನ ಅಕಾಡೆಮಿಯಲ್ಲೇ ಬೆಳೆದ ಹುಡುಗ. 2024ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಗೋಲು ಹೊಡೆದವನು. ಅವನನ್ನು ಬೆಂಚಿನ ಮೇಲೆ ಕೂರಿಸಿ ಸುಮ್ನೆ ಕಾಲ ಕಳೆದರು.

ಆಡಳಿತದವರದ್ದೂ ತಪ್ಪಿದೆ. 2013ರಲ್ಲಿ ಬಹುಕಾಲದ ಮ್ಯಾನೇಜರ್ ಫರ್ಗ್ಯುಸನ್ ಹೋದ ಮೇಲೆ ಎಷ್ಟು ಮ್ಯಾನೇಜರ್‌ಗಳು ಬಂದುಹೋದರು! ಕೊನೆಗೆ 2026ರ ಜನವರಿಯಲ್ಲಿ ಅಮೋರಿಮ್ ಅವರನ್ನೂ ತೆಗೆದರು. ಅದಕ್ಕೆ ಅಷ್ಟು ದಿನ ಯಾಕೆ ಬೇಕಾಯಿತು?