ಕೆಂಪೇಗೌಡರಿಗಿಂತ ಮುಂಚೆ ಜವರೇಗೌಡರು ಹೇಗೆ ಬಂದರು?

ಮೊನ್ನೆ ಬೆಳಗ್ಗೆ, ಟೈಪ್ ಮಾಡಿ ಪ್ರಿಂಟ್ ತೆಗೆದುಕೊಡುವ ನನ್ನ ಡಿಟಿಪಿ ಅಂಗಡಿ ಷಟರ್ ಎತ್ತುವ ಮುಂಚೆಯೇ ನಾಲ್ಕು ಜನ ಬಂದು ನಿಂತಿದ್ದರು. ಕೈಯಲ್ಲಿ ಹಿಂದಿನ ರಾತ್ರಿ ನಾನೇ ತೆಗೆದುಕೊಟ್ಟ ಪ್ರಿಂಟು. ಊರಹಬ್ಬದ ಕರಪತ್ರದ್ದು.

“ಏನವ್ವ ಹಿಂಗ್ ಮಾಡ್ಬುಟ್ಟೆ? ಅಕ್ಸರದ್ ಪ್ರಕಾರ ಹಾಕು ಅಂದ್ರೆ, ನಮ್ಮ ಕೆಂಪೇಗೌಡಣ್ಣನ್ನ ತಕ್ಕೊಂಡೋಗಿ ಜವರೇಗೌಡ್ನ ಕೆಳಿಕ್ಕೆ ಹಾಕಿದ್ದೀಯಲ್ಲ!”

ನಮ್ಮ ಮಂಡ್ಯ ಕಡೆ ಹಬ್ಬದ ಕರಪತ್ರದಲ್ಲಿ ಹೆಸರು ಬರುವ ಸಾಲು ಅಂದರೆ ಹುಡುಗಾಟ ಅಲ್ಲ. ಯಾರದು ಮೇಲೆ, ಯಾರದು ಕೆಳಗೆ ಅನ್ನುವುದಕ್ಕೇ ಅಣ್ಣತಮ್ಮಂದಿರು ಮಾತು ಬಿಟ್ಟಿರುವುದುಂಟು. ಅದಕ್ಕೇ ಈ ಸಲ ಊರಿನವರು ಕೂತು ಜಾಣ ತೀರ್ಮಾನ ಮಾಡಿದ್ದರು. ಚಂದಾ ಕೊಟ್ಟವರ ಹೆಸರೆಲ್ಲ ಅಕಾರಾದಿಯಲ್ಲಿ ಬರಲಿ, ಕಂಪ್ಯೂಟರೇ ಜೋಡಿಸಲಿ. ಆಮೇಲೆ ಯಾರು ಜಗಳ ಆಡ್ತಾರೆ, ಕಂಪ್ಯೂಟರ್ ಯಾರ ನೆಂಟನೂ ಅಲ್ವಲ್ಲ.

(ಹೆಸರುಗಳನ್ನು ಬದಲಾಯಿಸಿ ಬರೆದಿದ್ದೇನೆ. ನಿಜವಾದ್ದು ಬರೆದರೆ ನಾಳೆಯೂ ಷಟರ್ ಮುಂದೆ ನಿಂತಿರುತ್ತಾರೆ.)

ತಪ್ಪು ನನ್ನದೂ ಇತ್ತು. ಹಿಂದಿನ ಹಬ್ಬಕ್ಕೆ ನಾನೇ ಟೈಪ್ ಮಾಡಿದ್ದ ಹಳೇ ಫೈಲು ಸಿಕ್ಕಿತು. 212 ಹೆಸರು. ಮತ್ತೆ ಯಾರು ಕುಟ್ಟುತ್ತಾರೆ ಅಂತ ಅದನ್ನೇ ಎಕ್ಸೆಲ್‌ಗೆ ಹಾಕಿ, ಹೊಸಬರನ್ನು ಸೇರಿಸಿ, ಅಕಾರಾದಿಯಾಗಿ ಜೋಡಿಸುವ ಸಾರ್ಟ್ ಬಟನ್ ಒತ್ತಿದೆ. ರಾತ್ರಿ ಹನ್ನೊಂದಾಗಿತ್ತು, ಕರೆಂಟು ಎರಡು ಸಲ ಹೋಗಿ ಬಂದಿತ್ತು. ನೋಡದೆ ಪ್ರಿಂಟ್ ಕೊಟ್ಟೆ.

ಫೈಲು ಇದ್ದದ್ದು ಹಳೇ ಫಾಂಟಿನಲ್ಲಿ. ಇದನ್ನು ಆ ನಾಲ್ಕು ಜನಕ್ಕೆ ಹೇಗೆ ಹೇಳುವುದು? ಕೊನೆಗೆ ಪರದೆಯ ಮೇಲೇ ತೋರಿಸಿದೆ. ಜವರೇಗೌಡರ ಹೆಸರನ್ನು ಸೆಲೆಕ್ಟ್ ಮಾಡಿ ಫಾಂಟ್ ಬದಲಾಯಿಸಿದೆ. ಕನ್ನಡ ಮಾಯ. ಇಂಗ್ಲಿಷ್ ಅಕ್ಷರ, ಒಂದಕ್ಕೆ ತಲೆ ಮೇಲೆ ಗೀಟು, ಒಂದಕ್ಕೆ ಚುಕ್ಕಿ. “ಇದ್ಯಾವ ಭಾಷೆ ತಾಯಿ?” ಅಂದರು. ಇದೇ ಅಣ್ಣಾ ನಿಮ್ಮ ಜವರೇಗೌಡ್ರು ಅಂದೆ.

ವಿಷಯ ಇಷ್ಟೇ. ಆಗಿನ ಕಾಲದ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ, ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗಿತ್ತು. ‘ಕ’ ಅಕ್ಷರದ ಮೈ ಇಂಗ್ಲಿಷಿನ ಪಿ ಮನೆಯಲ್ಲಿ, ಅದರ ತಲೆಕಟ್ಟು ಗೀಟು ಹೊತ್ತ ಎ ಮನೆಯಲ್ಲಿ. ‘ಜ’ ಇರುವುದು ಡಿ ಮನೆಯಲ್ಲಿ. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರ್ ಲೆಕ್ಕಕ್ಕೆ ಇಂಗ್ಲಿಷು. ಡಿ ಮೊದಲು, ಪಿ ಆಮೇಲೆ. ಹಾಗಾಗಿ ಜವರೇಗೌಡರು ಮೊದಲು, ಕೆಂಪೇಗೌಡರು ಆಮೇಲೆ. ಇನ್ನೊಂದು ತಮಾಷೆ ಕೇಳಿ. ಆ ಫಾಂಟಿನಲ್ಲಿ ‘ವ’ಗೆ ಒಂದು ಬಾಲ ಅಂಟಿಸಿದರೆ ‘ಮ’ ಆಗುತ್ತೆ. ಮಾದೇಗೌಡರೂ ವೆಂಕಟೇಗೌಡರೂ ಒಂದೇ ಗುಂಪಿನಲ್ಲಿ ಕಲಸಿಹೋಗಿದ್ದರು. ಅದನ್ನು ಇವರಿನ್ನೂ ನೋಡಿರಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಹಳೇ ಫಾಂಟುಗಳನ್ನು ನಾನು ಬೈಯುವುದಿಲ್ಲ. 1998ರಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ತಂತ್ರಾಂಶ, ಶೇಷಾದ್ರಿ ವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಅವು ಬಾರದೇ ಇದ್ದಿದ್ದರೆ ನನ್ನಂಥವರು ಡಿಟಿಪಿ ಅಂಗಡಿ ಇಟ್ಟು ಮಕ್ಕಳನ್ನು ಓದಿಸುವುದು ಎಲ್ಲಿತ್ತು? ಆ ಕಾಲಕ್ಕೆ ಅದೇ ದಾರಿ. ಆದರೆ ಪ್ರಪಂಚದ ಲಿಪಿಗಳ ಅಕ್ಷರಕ್ಕೆಲ್ಲ ಸ್ವಂತ ಮನೆ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ 128 ಮನೆ ಕಟ್ಟಬಹುದಾದ ಜಾಗ ಕೊಟ್ಟಾಗಿತ್ತು. ಅದರಲ್ಲಿ ಇನ್ನೂ ಖಾಲಿ ಸೈಟುಗಳಿವೆ. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೇ ‘ತುಂಗಾ’ ಅಂತ ಕನ್ನಡ ಫಾಂಟು ಬಂತು. ಈಗ ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಇದೆ. ಸ್ವಂತ ಮನೆ ಗೃಹಪ್ರವೇಶ ಆಗಿ ಇಷ್ಟು ವರ್ಷ ಆಯ್ತು, ನಾವು ಇನ್ನೂ ಬಾಡಿಗೆ ಮನೆ ಬಿಡುತ್ತಿಲ್ಲ ಅನ್ನುವುದೇ ನನ್ನ ಸಿಟ್ಟು.

ಯಾಕೆ ಬಿಡುತ್ತಿಲ್ಲ? ಸೋಮಾರಿತನ ಅಂತ ಮಾತ್ರ ಹೇಳಿದರೆ ಅನ್ಯಾಯ. ನಮ್ಮ ಊರುಗಳ ಪ್ರೆಸ್ಸಿನವರು ಕೈ ಪಳಗಿಸಿಕೊಂಡಿದ್ದು ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ. ಅದರ ಕೊನೇ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯುವುದಿಲ್ಲ. ಮದುವೆ ಕಾರ್ಡಿಗೆ ಬೇಕಾದ ಬಳ್ಳಿ ಬಳ್ಳಿ ಅಕ್ಷರಗಳೂ ಹೆಚ್ಚಾಗಿ ಹಳೇ ಫಾಂಟಿನಲ್ಲೇ ಇವೆ. ಹಾಗಾಗಿ ಕೆಲಸ ಹೀಗೆ ನಡೆಯುತ್ತೆ: ಹಳೇ ಫೈಲನ್ನು ಯೂನಿಕೋಡ್‌ಗೆ ತಿರುಗಿಸು, ಸಾರ್ಟ್ ಮಾಡು, ಮತ್ತೆ ಹಳೇ ಫಾಂಟಿಗೆ ತಿರುಗಿಸಿ ಪ್ರೆಸ್ಸಿಗೆ ಕಳಿಸು. ನೀರು ಎತ್ತಿ ಮತ್ತೆ ಅದೇ ಬಾವಿಗೆ ಸುರಿದ ಹಾಗೆ. ತಿರುಗಿಸುವಾಗ ಫೈಲಿನಲ್ಲಿರುವ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡ ಆಗಿಬಿಡುತ್ತವೆ. ಒಬ್ಬ ವಕೀಲರ ಡಿಗ್ರಿ ಬಾಯಿಗೆ ಬಾರದ ಅಕ್ಷರವಾಗಿ ಕೂತಿತ್ತು.

ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಥರದ ತಂತ್ರಾಂಶಗಳೆಲ್ಲ ಪುಕ್ಕಟೆ, ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತೆ. ಕಾಸು ಬೇಡ, ಕಲಿಯಲು ಹದಿನೈದು ದಿನ ಬೇಕು. ಆ ಹದಿನೈದು ದಿನ ಅಂಗಡಿ ನಡೆಸುವವರು ಯಾರು ಅಂತ ಪ್ರೆಸ್ಸಿನವರು ಕೇಳುತ್ತಾರೆ. ಅದೂ ಸರಿಯೇ. ಆದರೆ ಸಂಬಳ ತೆಗೆದುಕೊಂಡು ಕೂತ ಕಚೇರಿಗಳಲ್ಲೂ “ಹಳೇ ಫಾಂಟಲ್ಲೇ ತನ್ನಿ” ಅಂತಾರಲ್ಲ, ಅವರಿಗೆ ಏನು ಕಷ್ಟ? ಆ ಫೈಲಲ್ಲಿ ಒಂದು ಹೆಸರು ಹುಡುಕಬೇಕು ಅಂದರೆ ಪುಟ ಪುಟ ಕಣ್ಣಾಡಿಸಬೇಕು. ಮೊಬೈಲಿಗೆ ಕಳಿಸಿದರೆ ಗೀಟು, ಚುಕ್ಕಿ. ಹಂಗಾದರೆ ಕೈಯಲ್ಲೇ ಬರೆದಿಡಬಹುದಿತ್ತು.

ಇಷ್ಟೆಲ್ಲ ಬೈದರೂ, ನಿಜ ಹೇಳಬೇಕೆಂದರೆ, ಈ ಕೆಲಸದಷ್ಟು ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ‘ಮಂಡ್ಯ’ ಬರೆಯಲು ಐದೇ ಕೀಲಿ. ಎಮ್, ಶಿಫ್ಟ್ ಹಿಡಿದು ಎಮ್, ಡಬ್ಲ್ಯೂ, ಎಫ್, ವೈ. ಎಫ್ ಒತ್ತಿದ ಕೂಡಲೇ ‘ಡ’ ತಲೆಕಟ್ಟು ಬಿಚ್ಚಿ ‘ಡ್’ ಆಗಿ ನಿಲ್ಲುತ್ತೆ. ವೈ ಒತ್ತಿದರೆ ‘ಯ’ ಬಂದು ಕೆಳಗೆ ಒತ್ತಾಗಿ ಕೂರುತ್ತೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಇನ್ನೂ ಬೇಜಾರಾಗಿಲ್ಲ. ಮಗ “ಅಮ್ಮಾ, ಮೊಬೈಲಲ್ಲಿ ಮಾತಾಡಿದ್ರೆ ಅದೇ ಬರ್ಕೊಳುತ್ತೆ” ಅಂತಾನೆ. ಮಾತಾಡಿ ನೋಡಿದೆ. ನನ್ನ “ತಕ್ಕೊಂಡ್ಬಾರ್ಲಾ” ಅದಕ್ಕೆ ಗೊತ್ತಾಗಲಿಲ್ಲ. ನನ್ನ ಕೈಗೆ ಇನ್ನೂ ಸ್ವಲ್ಪ ದಿನ ಕೆಲಸ ಇದೆ.

ಸರಿ, ಆ ನಾಲ್ಕು ಜನ. ಫೈಲು ತಿರುಗಿಸಿ ಸಾರ್ಟ್ ಮಾಡಿಕೊಟ್ಟೆ. ಕೆಂಪೇಗೌಡರು ಮೇಲೆ ಹೋದರು, ಬಂದವರು ಟೀ ತರಿಸಿಕೊಟ್ಟು ಹೋದರು. ಆಮೇಲೆ ಒಬ್ಬಳೇ ಕೂತು ಕರಡು ನೋಡುವಾಗ ಕಂಡಿತು. ಗಂಡಸರ ಹೆಸರಿಗೆ ಮುಂದೆ ಏನೂ ಇಲ್ಲ. ಹೆಂಗಸರ ಹೆಸರಿಗೆಲ್ಲ ‘ಶ್ರೀಮತಿ’. ಹತ್ತೊಂಬತ್ತು ಜನ ಹೆಂಗಸರೂ ಸಾಲಾಗಿ ‘ಶ’ ಹತ್ತಿರ, ಪಟ್ಟಿಯ ಕೊನೆಗೆ ಹೋಗಿ ನಿಂತಿದ್ದರು.

‘ಶ್ರೀಮತಿ’ಯನ್ನು ಒಟ್ಟಿಗೇ ಅಳಿಸಿದೆ. ಇನ್ನೊಮ್ಮೆ ಸಾರ್ಟ್ ಒತ್ತಿದೆ. ‘ಕಾ’ ಆದಮೇಲೆ ತಾನೇ ‘ಕೆ’? ಈಗ ಕೆಂಪೇಗೌಡರ ಮೇಲೆ ಕಾಳಮ್ಮನವರಿದ್ದಾರೆ. ಕರಪತ್ರ ಪ್ರೆಸ್ಸಿಗೆ ಹೋಗಿದೆ. ನಾಳೆ ಅಂಗಡಿ ಹತ್ತು ನಿಮಿಷ ಲೇಟಾಗಿ ತೆಗೆಯುತ್ತೇನೆ.