ಮಣ್ಣಿಗೂ ಸಂಶಯದ ಲಾಭ

ಕೊನೆಗೂ ಈ ದೇಶದ ಮಣ್ಣಿಗೆ ನ್ಯಾಯ ಸಿಕ್ಕಿದೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಕಲುಷಿತ ಸ್ಥಳಗಳ ನಿಯಮಗಳ ಪ್ರಕಾರ ಯಾವ ಜಾಗವನ್ನೂ ಇನ್ನು ಮುಂದೆ ಏಕಾಏಕಿ ‘ಕಲುಷಿತ’ ಎಂದು ಹೀಯಾಳಿಸುವಂತಿಲ್ಲ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಪಟ್ಟಿ ಕಳಿಸಬೇಕು. ಆಗ ಆ ಜಾಗ ಬರೀ ಶಂಕಿತ, ಅಂದರೆ ಠಾಣೆಗೆ ಕರೆದು ಕೂರಿಸಿದ ಹಾಗೆ. ಮೊದಲ ಪರಿಶೀಲನೆಗೆ 90 ದಿನ. ವಿವರವಾದ ಸಮೀಕ್ಷೆಗೆ ಇನ್ನೂ ಮೂರು ತಿಂಗಳು. 189 ರಾಸಾಯನಿಕಗಳ ಪಟ್ಟಿಯೊಂದಿದೆ, ಅದರಲ್ಲಿ ಯಾವುದಾದರೂ ಮಿತಿ ಮೀರಿದ್ದು ಸಾಬೀತಾದರೆ ಮಾತ್ರ ‘ಕಲುಷಿತ’ ಎಂಬ ಬಿರುದು. ವಿಷ ಸುರಿದವರು ಯಾರೆಂದು ಹುಡುಕುವುದಕ್ಕೆ ಮತ್ತೆ 90 ದಿನ. ಎಲ್ಲಕ್ಕೂ ಗಡುವಿದೆ. ಸ್ವಚ್ಛ ಮಾಡಿ ಮುಗಿಸುವುದು ಯಾವಾಗ ಎಂಬುದಕ್ಕೆ ಮಾತ್ರ ಗಡುವಿಲ್ಲ. ಶುಭ ಕಾರ್ಯಕ್ಕೆ ಅವಸರ ಸಲ್ಲದು.

ನಿಯಮ ಬಂದಾಗ ದೇಶದಲ್ಲಿ ಗುರುತಾಗಿದ್ದ ಇಂಥ ಜಾಗಗಳು 103. ಕೆಲಸ ಶುರುವಾಗಿದ್ದು ಏಳರಲ್ಲಿ. ಗಣಿ, ವಿಕಿರಣ ತ್ಯಾಜ್ಯ, ಸಮುದ್ರಕ್ಕೆ ಚೆಲ್ಲಿದ ಎಣ್ಣೆ, ಊರ ಕಸದ ಗುಡ್ಡ ಇವಕ್ಕೆಲ್ಲ ಬೇರೆ ಕಾನೂನುಗಳಿವೆಯಾದ್ದರಿಂದ ಇಲ್ಲಿ ಪ್ರವೇಶವಿಲ್ಲ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರದವರು ಬೇರೆ ಕೌಂಟರಿನಲ್ಲಿ ವಿಚಾರಿಸಬೇಕು.

ಈ ಶಂಕೆಯನ್ನು ಪರಿಹರಿಸಲು ಬರುವವರೇ ಪರಿಸರ ಸಲಹೆಗಾರರು. ಅವರ ಮೇಲೆ ನನಗೆ ಅಪಾರ ಗೌರವ. ನಮ್ಮ ಕಡೆ ಕೊಳವೆಬಾವಿ ಕೊರೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವ ಒಬ್ಬರು ಬರುತ್ತಾರೆ. ಕಾಯಿ ನೆಟ್ಟಗೆ ನಿಂತ ಕಡೆ ನೀರು. ಕೆಲವರು ಬೇವಿನ ಕವಲು ಕಡ್ಡಿ ಹಿಡಿಯುತ್ತಾರೆ. ನಾನು ನೋಡಿದ ಒಬ್ಬ ಅಜ್ಜ ಚಪ್ಪಲಿ ಬಿಟ್ಟು, ಬಿಸಿಲಲ್ಲಿ ಎರಡು ಗಂಟೆ ನಡೆದು, ಕಳ್ಳಿ ಬೇಲಿಯ ಹತ್ತಿರ ಕಾಯಿ ಎದ್ದು ನಿಂತಾಗ ಸ್ವತಃ ತಾನೇ ಬೆಚ್ಚಿಬಿದ್ದಿದ್ದರು. ಅಲ್ಲಿ 700 ಅಡಿ ಕೊರೆಸಿದರೂ ಬಂದದ್ದು ಬರೀ ದೂಳು. ಮಾರನೆಯ ದಿನ ಹೊಲದ ಯಜಮಾನ ಅಜ್ಜನ ಮನೆ ಬಾಗಿಲಿಗೆ ಹೋಗಿ ಊರಿಗೆಲ್ಲ ಕೇಳುವಂತೆ ಬೈದ. ಅಜ್ಜ ತಲೆ ತಗ್ಗಿಸಿ ದಕ್ಷಿಣೆ ವಾಪಸು ಕೊಟ್ಟರು, ಎಲೆ ಅಡಿಕೆ ಸಮೇತ.

ಇದು ಅವೈಜ್ಞಾನಿಕ, ಒಪ್ಪುತ್ತೇನೆ. ಆದರೆ ಅಜ್ಜ ಜಾಗಕ್ಕೆ ಬಂದಿದ್ದರು. ಹದಿನೈದಿಪ್ಪತ್ತು ವರ್ಷಗಳ ಹಿಂದೆ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದಕ್ಕಾಗಿ ಬರೆದ ಪರಿಸರ ವರದಿ ನೆನಪಿದೆಯೇ? ಅದರಲ್ಲಿ ರಷ್ಯಾದ ಗಣಿಯೊಂದರ ವರದಿಯ ಸಾಲುಗಳು ಹಾಗೆ ಹಾಗೇ ಬಂದು ಕೂತಿದ್ದವು. ಆಪೂಸ್ ಮಾವಿನ ತೋಟಗಳ ನಡುವೆ ಸ್ಪ್ರೂಸ್ ಮತ್ತು ಬರ್ಚ್ ಕಾಡು! ಕೊಂಕಣದ ಸೆಕೆಯಲ್ಲಿ ಆ ಪುಟ ಓದಿದವರಿಗೆ ಕೊಂಚ ತಂಪಾಗಿರಬಹುದು. ಆಮೇಲೆ ಸಲಹೆಗಾರರಿಗೆ ಮಾನ್ಯತಾಪತ್ರ ಕಡ್ಡಾಯವಾಯಿತು. ಯೋಜನೆ ಯಾರದೋ ಅವರೇ ಸಲಹೆಗಾರರಿಗೆ ಹಣ ಕೊಡುವ ಪದ್ಧತಿ ಮಾತ್ರ ಹಾಗೆಯೇ ಇದೆ. ವರನ ಕಡೆಯವರೇ ಕಾರು ಕಳಿಸಿ, ಊಟ ಹಾಕಿಸಿ, ದಕ್ಷಿಣೆ ಕೊಟ್ಟು ಕರೆಸಿದ ಜೋಯಿಸರು ಜಾತಕದಲ್ಲಿ ಕುಜದೋಷ ಹುಡುಕುತ್ತಾರೆಯೇ? ಅಜ್ಜನ ಹಾಗೆ ಬೈಸಿಕೊಳ್ಳುವ ಗ್ರಹಚಾರವೂ ಇವರಿಗಿಲ್ಲ. ಈ ವರದಿಯನ್ನು ನಂಬಿ ಯಾರಿಗಾದರೂ ನಷ್ಟವಾದರೆ ನಾವು ಹೊಣೆಯಲ್ಲ ಎಂದು ಎಲ್ಲೋ ಒಂದು ಕಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ನನ್ನ ಅಕ್ಕನ ಮನೆ ಒಂದು ಕೈಗಾರಿಕಾ ಪ್ರದೇಶದ ಬೆನ್ನಿಗಿದೆ. ಊರಿನ ಹೆಸರು ಬೇಡ, ನಿಮ್ಮ ಊರಿನ ಹೆಸರನ್ನೇ ಹಾಕಿಕೊಳ್ಳಿ. ಸುತ್ತ ಲೋಹಕ್ಕೆ ಹೊಳಪು ಲೇಪಿಸುವ ಸಣ್ಣ ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು. ಅಲ್ಲಿ ಬಳಸುವ ಕ್ರೋಮಿಯಂ ನೆಲಕ್ಕಿಳಿದರೆ ಏನಾಗುತ್ತದೆ ಎಂಬುದಕ್ಕೆ ಪೀಣ್ಯದ ಕೊಳವೆಬಾವಿಗಳ ಬಗ್ಗೆ ಅಧ್ಯಯನಗಳೇ ಇವೆ. ಅಕ್ಕನ ಬೋರಿನ ನೀರನ್ನು ಬಿಳಿ ಬಕೆಟ್ಟಿಗೆ ಹಿಡಿದರೆ ಎಳೆ ಹಳದಿ. ಸ್ಟೀಲ್ ಚೊಂಬಿನಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ನೆಂಟರು ಬಂದಾಗ ಸ್ಟೀಲ್ ಬಕೆಟ್.

ಒಂದು ಬೆಳಿಗ್ಗೆ ಸಲಹೆಗಾರರ ಕಡೆಯ ಇಬ್ಬರು ಹುಡುಗರು ಬಂದರು. ಐಸ್ ಪೆಟ್ಟಿಗೆ, ಬಾಟಲಿ, ಕೈಗವಸು, ಪ್ರಶ್ನಾವಳಿ. ಬಹಳ ವಿನಯದ ಹುಡುಗರು.

‘ಅಮ್ಮಾ, ಈ ನೀರನ್ನು ಕುಡಿಯುತ್ತೀರಾ?’

‘ಅಯ್ಯೋ, ಬಣ್ಣ ನೋಡಪ್ಪ. ಯಾರಾದರೂ ಕುಡಿಯುತ್ತಾರೆಯೇ?’

ಹುಡುಗ ಏನೋ ಟಿಕ್ ಹಾಕಿದ. ನಾನು ಬಗ್ಗಿ ನೋಡಿದೆ. ‘ಕುಡಿಯಲು ಬಳಕೆ: ಇಲ್ಲ.’

ಆ ಟಿಕ್ಕಿನ ಮಹಿಮೆ ಗೊತ್ತಾಗಬೇಕಾದರೆ ಈ ಶಾಸ್ತ್ರವನ್ನು ಸ್ವಲ್ಪ ತಿಳಿಯಬೇಕು. ಅಪಾಯ ಎನ್ನಬೇಕಾದರೆ ಮೂರು ಸೇರಬೇಕು: ವಿಷದ ಮೂಲ, ಅದು ಸಾಗುವ ದಾರಿ, ಕೊನೆಯಲ್ಲಿ ಅದನ್ನು ಮೈಗೆ ತೆಗೆದುಕೊಳ್ಳುವ ಜೀವ. ಮೂರರಲ್ಲಿ ಒಂದು ತಪ್ಪಿದರೂ ಸರಪಳಿ ತುಂಡು. ನೀರು ಹಾಳಾಗಿದೆ, ಆದ್ದರಿಂದ ಅಕ್ಕ ಕುಡಿಯುವುದಿಲ್ಲ. ಅಕ್ಕ ಕುಡಿಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ. ಅಪಾಯವಿಲ್ಲ, ಆದ್ದರಿಂದ ತುರ್ತು ಕ್ರಮ ಬೇಕಿಲ್ಲ. ನೀರು ಇನ್ನಷ್ಟು ಕೆಟ್ಟು ಎಲ್ಲರೂ ಮನೆ ಬಿಟ್ಟು ಹೋದರೆ ಆ ಜಾಗ ಸಂಪೂರ್ಣ ಸುರಕ್ಷಿತ. ತರ್ಕಶಾಸ್ತ್ರ ಹುಟ್ಟಿದ ನಾಡು ನಮ್ಮದು.

ಪಾತ್ರೆ ತೊಳೆಯುತ್ತೇವೆ, ಮಗು ಇದರಲ್ಲೇ ಸ್ನಾನ ಮಾಡುತ್ತದೆ ಎಂದು ಅಕ್ಕ ಹೇಳುತ್ತಲೇ ಇದ್ದಳು. ಅದಕ್ಕೆ ಪ್ರಶ್ನಾವಳಿಯಲ್ಲಿ ಜಾಗವಿರಲಿಲ್ಲ.

ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ಮಾನದಂಡ. ಇಲ್ಲೊಂದು ಸೊಗಸಾದ ಸೌಲಭ್ಯವಿದೆ. 0.1ಕ್ಕಿಂತ ಕಡಿಮೆ ಇದ್ದರೆ ಕಾಣಿಸದ ವಿಧಾನದಲ್ಲಿ ಪರೀಕ್ಷೆ ಮಾಡಿಸಿದರೆ, ಮಿತಿಯ ದುಪ್ಪಟ್ಟಿಗೆ ಹತ್ತಿರ ಬಂದ ನೀರಿನ ಮುಂದೆಯೂ ‘ಪತ್ತೆಯಾಗಿಲ್ಲ’ ಎಂದು ಬರೆಯಬಹುದು. ಸುಳ್ಳಲ್ಲ. ಕಣ್ಣು ಮುಚ್ಚಿ ನೋಡಿದರೆ ಆನೆಯೂ ಪತ್ತೆಯಾಗುವುದಿಲ್ಲ. ಇನ್ನೊಂದು ಉಪಾಯ, ನೀರಿನ ಮಾದರಿ ತೆಗೆಯಲೆಂದೇ ಇರುವ ವೀಕ್ಷಣಾ ಬಾವಿಯನ್ನು ಕಾರ್ಖಾನೆಯಿಂದ ಅಂತರ್ಜಲ ಹರಿದು ಹೋಗುವ ದಿಕ್ಕಿನಲ್ಲಲ್ಲ, ಕಾರ್ಖಾನೆಯ ಕಡೆಗೆ ಹರಿದು ಬರುವ ದಿಕ್ಕಿನಲ್ಲಿ ಕೊರೆಯುವುದು. ಅಕ್ಕನ ಬೀದಿಯ ತುದಿಯಲ್ಲಿ ಅಂಥದ್ದೊಂದು ಇದೆ. ಮೊಣಕಾಲೆತ್ತರದ ಕಬ್ಬಿಣದ ಕೊಳವೆ, ಮೇಲೆ ಮುಚ್ಚಳ, ತುಕ್ಕು ಹಿಡಿದು ಒಂದೇ ಗಟ್ಟಿಯಾದ ಬೀಗ. ಕೀಲಿ ಹಾಕಿ ತೆಗೆದವರನ್ನು ಯಾರೂ ಕಂಡಿಲ್ಲ. ಮೇಲೆ ಯಾರೋ ಹೂವಿನ ಕುಂಡ ಇಟ್ಟಿದ್ದಾರೆ.

ವಿಷ ಸುರಿದವರನ್ನು 90 ದಿನಗಳಲ್ಲಿ ಹುಡುಕುತ್ತಾರಂತೆ. ಭೋಪಾಲದಲ್ಲಿ ಸುರಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಕಾರ್ಖಾನೆಯ ಅಂಗಳದಲ್ಲೇ ಹೂತಿದ್ದರು, ಪಕ್ಕದ ಹೊಂಡಗಳಿಗೆ ಬಿಟ್ಟಿದ್ದರು. ಕಂಪನಿ ಕೈಬದಲಾಯಿತು, ಕೊಂಡವರು ನಮಗೆ ಸಂಬಂಧವಿಲ್ಲ ಎಂದರು, ಜಮೀನು ರಾಜ್ಯ ಸರ್ಕಾರಕ್ಕೆ ವಾಪಸಾಯಿತು. 1984ರ ಅನಿಲ ದುರಂತದ 40 ವರ್ಷಗಳ ನಂತರ, 2025ರ ಜನವರಿಯಲ್ಲಿ, 337 ಟನ್ ತ್ಯಾಜ್ಯವನ್ನು 12 ಕಂಟೇನರುಗಳಲ್ಲಿ ತುಂಬಿ, ದಾರಿಯುದ್ದಕ್ಕೂ ಪೊಲೀಸರನ್ನು ನಿಲ್ಲಿಸಿ, ಅದೇ ರಾಜ್ಯದ ಕೈಗಾರಿಕಾ ಪಟ್ಟಣ ಪೀಥಂಪುರಕ್ಕೆ ಮೆರವಣಿಗೆ ಮಾಡಲಾಯಿತು. ಅಲ್ಲಿ ಸುಟ್ಟರು. ಸುಣ್ಣ ಮತ್ತಿತರ ವಸ್ತುಗಳನ್ನು ಬೆರೆಸಿ ಸುಟ್ಟಿದ್ದರಿಂದ ಉಳಿದ ಬೂದಿ 800 ಟನ್ನಿಗೂ ಹೆಚ್ಚು. ಸುಟ್ಟಷ್ಟೂ ಬೆಳೆಯುವ ವಸ್ತುವನ್ನು ಭಸ್ಮಾಸುರನ ಕಥೆ ಬರೆದವರೂ ಊಹಿಸಿರಲಿಲ್ಲ.

ಮತ್ತು ಅದು ನೆಲದ ಮೇಲೆ ಗೋದಾಮಿನಲ್ಲಿ ಮೂಟೆ ಕಟ್ಟಿಟ್ಟಿದ್ದ ತ್ಯಾಜ್ಯ ಮಾತ್ರ. ಹೂತದ್ದು ಹೂತಲ್ಲೇ ಇದೆ. ಇದನ್ನು ಬರೆಯುವಾಗ ನನಗೆ ತಮಾಷೆ ಬರುತ್ತಿಲ್ಲ. ಅನಿಲ ಒಂದೇ ರಾತ್ರಿ ಬಂದು ಹೋಯಿತು. ನೀರು ದಿನಾ ಬಂತು. ಆ ರಾತ್ರಿ ಹುಟ್ಟೇ ಇರದಿದ್ದ ಮಕ್ಕಳು ಅದನ್ನು ಕುಡಿದರು. ಶುದ್ಧ ನೀರು ಕೊಡಿ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಬೇಕಾಯಿತು, ಅಂದರೆ 20 ವರ್ಷ. ಅಷ್ಟು ದಿನವೂ ಯಾರೋ ಒಬ್ಬರು ಎಲ್ಲೋ ಒಂದು ಕಡೆ ಮಾದರಿ ಸಂಗ್ರಹಿಸುತ್ತಲೇ ಇದ್ದರು. ಕೈಪಂಪಿನ ನೀರಿಗೆ ಮೂಗು ಮುಚ್ಚಿಕೊಂಡ ಹೆಂಗಸು ‘ಕಲುಷಿತ’ ಎಂದರೆ ಅದು ದೂರು. ಅದನ್ನೇ ಪ್ರಯೋಗಾಲಯ ಹೇಳಿದರೆ ದತ್ತಾಂಶ. ಇವೆರಡರ ನಡುವೆ ಒಂದು ತಲೆಮಾರು ಕಳೆಯುತ್ತದೆ, ಸಾಕಾಗಿದೆ.

ಅಕ್ಕನ ಮನೆಗೆ ಈಗ ವಾರಕ್ಕೆರಡು ಸಲ ಟ್ಯಾಂಕರ್ ಬರುತ್ತದೆ. ಹಿಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ‘ಕುಡಿಯುವ ನೀರು’ ಎಂದು ಬರೆದಿದೆ. ಮೊನ್ನೆ ನಾನಿದ್ದಾಗಲೇ ಬಂತು. ಎಲ್ಲಿಯ ನೀರಪ್ಪ ಎಂದು ಅಕ್ಕ ಕೇಳಿದಳು.

‘ಬೋರಿನದು ಅಕ್ಕಾ, ಚೆನ್ನಾಗಿದೆ.’

‘ಯಾವ ಬೋರು?’

ಅವನು ಅಷ್ಟರಲ್ಲಿ ಮೋಟಾರು ಚಾಲೂ ಮಾಡಿದ್ದ, ಏನು ಹೇಳಿದನೋ ಕೇಳಿಸಲಿಲ್ಲ. ಅಕ್ಕ ಒಳಗಿನಿಂದ ಬಿಳಿ ಬಕೆಟ್ಟು ತಂದು ಪೈಪಿನ ಕೆಳಗೆ ಹಿಡಿದಳು.